ಹೆಪ್ಪಿಗೊಂದು ಚಮಚ ಮೊಸರು

ಅಮ್ಮನ ಸೊಂಟದ ಮೂಳೆಗೆ ಆಪರೇಷನ್ ಆದ ದಿನ. ರಾತ್ರಿ ಎಂಟೂವರೆ ಇರಬೇಕು. ನರ್ಸ್ ಬಂದು ಬಿಪಿ ನೋಡಿ, ಡ್ರಿಪ್ ಸರಿಮಾಡಿ, ‘ಮಾತಾಡಿಸಬೇಡಿ, ಮಲಗಲಿ’ ಎಂದು ಹೇಳಿ ಹೋದರು. ಮಂಪರಿನಲ್ಲಿದ್ದ ಅಮ್ಮ ತುಟಿ ಅಲ್ಲಾಡಿಸಿದಳು. ನೀರು ಬೇಕೇನೋ, ನೋಯುತ್ತಿದೆಯೇನೋ ಎಂದು ಬಾಯಿಯ ಹತ್ತಿರ ಕಿವಿ ಇಟ್ಟೆ.

‘ನಿಮ್ಮಪ್ಪ ಹೆಪ್ಪಿಗೆ ಮೊಸರು ಎತ್ತಿಟ್ಟವ್ರಾ, ಕೇಳು.’

ಹಸು ಬಿಟ್ಟು ಬರುವಂತಿಲ್ಲ ಎಂದು ಅಪ್ಪ ಆಪರೇಷನ್ ಮುಗಿದ ಮೇಲೆ ಮಧ್ಯಾಹ್ನದ ಬಸ್ಸಿಗೆ ಊರಿಗೆ ಹೋಗಿದ್ದರು. ಫೋನ್ ಮಾಡಿದೆ. ‘ಮೊಸರಾ? ಬಂದೋನು ಅದನ್ನೇ ಹಾಕ್ಕೊಂಡು ಉಂಡೆ. ಆಗೋಯ್ತಲ್ಲವ್ವ. ಯಾಕೆ?’ ಅಂದರು. ಏನೂ ಇಲ್ಲ ಎಂದು ಫೋನ್ ಇಟ್ಟೆ. ಅಮ್ಮನಿಗೆ ‘ಎತ್ತಿಟ್ಟಿದ್ದಾರಂತೆ’ ಎಂದು ಸುಳ್ಳು ಹೇಳಿದೆ. ಅವಳು ಕಣ್ಣು ಮುಚ್ಚಿದಳು.

ಹೆಪ್ಪು ಹಾಕುವುದು ಎಷ್ಟು ಹೊತ್ತಿನ ಕೆಲಸ? ಗಡಿಯಾರ ನೋಡಿದರೆ ಅರ್ಧ ನಿಮಿಷ. ಸಂಜೆಯ ಹಾಲು ಕಾಯಿಸಿ ಆರಲು ಬಿಡಬೇಕು. ಬೆರಳು ಅದ್ದಿದರೆ ಸುಡಬಾರದು, ತಣ್ಣಗೂ ಆಗಿರಬಾರದು, ಉಗುರು ಬೆಚ್ಚಗಿರಬೇಕು. ನಿನ್ನೆಯ ಮೊಸರು ಒಂದು ಚಮಚ ಹಾಕಿ ಕದಡಬೇಕು. ಚಳಿಗಾಲದಲ್ಲಿ ಚಮಚ ತುಂಬಿರಬೇಕು, ಪಾತ್ರೆ ಒಲೆಯ ಪಕ್ಕದಲ್ಲಿರಬೇಕು. ಬೇಸಿಗೆಯಲ್ಲಿ ನಾಲ್ಕು ಹನಿ ಸಾಕು, ಇಲ್ಲದಿದ್ದರೆ ಬೆಳಗಾಗುವಷ್ಟರಲ್ಲಿ ಹುಳಿ. ಆದರೆ ಈ ಅರ್ಧ ನಿಮಿಷಕ್ಕೂ ಮುಂಚೆ ಇನ್ನೊಂದು ಕೆಲಸವಿದೆ. ಮಧ್ಯಾಹ್ನ ಎಲ್ಲರೂ ಅನ್ನಕ್ಕೆ ಮೊಸರು ಕಲಸಿಕೊಳ್ಳುವಾಗ, ‘ಇನ್ನೊಂಚೂರು ಹಾಕು’ ಎಂದು ತಟ್ಟೆಗಳು ಮುಂದೆ ಬರುವಾಗ, ಯಾರೋ ಒಬ್ಬರಿಗೆ ನಾಳೆಯ ನೆನಪು ಬರಬೇಕು. ಪಾತ್ರೆಯಲ್ಲಿ ಉಳಿದದ್ದರಲ್ಲಿ ಒಂದು ಚಮಚ ಬಟ್ಟಲಿಗೆ ತೆಗೆದು ಮುಚ್ಚಿಡಬೇಕು. ನಮ್ಮ ಮನೆಯಲ್ಲಿ ಮೊಸರು ಉಂಡವರು ಆರು ಜನ. ಆ ಚಮಚದ ನೆನಪಿದ್ದವಳು ಒಬ್ಬಳು.

ಆಸ್ಪತ್ರೆಯ ಸ್ಟೂಲಿನ ಮೇಲೆ ಕುಳಿತು ಆ ರಾತ್ರಿಯೆಲ್ಲ ನಾನು ಇದನ್ನೇ ಯೋಚಿಸಿದೆ. ಗಂಡನ ಮನೆಗೆ ಬಂದ ಹೆಂಗಸಿನ ಕೆಲಸ ಮುಗಿಯುವುದಿಲ್ಲ ಎಂದು ಎಲ್ಲರೂ ಹೇಳುತ್ತೇವೆ. ಗುಡಿಸುವುದು, ತೊಳೆಯುವುದು, ಬೇಯಿಸುವುದು ಕಣ್ಣಿಗೆ ಕಾಣುತ್ತದೆ. ಗುಡಿಸಿದ್ದು ಮತ್ತೆ ಕಸವಾಗುತ್ತದೆ, ಬೇಯಿಸಿದ್ದು ಖಾಲಿಯಾಗುತ್ತದೆ, ಹಾಗಾಗಿ ಮುಗಿಯುವುದಿಲ್ಲ ಎಂದು ನಾನೂ ತಿಳಿದಿದ್ದೆ. ಅದು ಅರ್ಧ ಮಾತ್ರ ನಿಜ. ಇವತ್ತಿನ ಊಟ ಮುಗಿಯುವ ಮುಂಚೆಯೇ ನಾಳೆಯ ಊಟ ಅವಳ ತಲೆಯಲ್ಲಿ ಶುರುವಾಗಿರುತ್ತದೆ. ಮೂಳೆ ಮುರಿದು ಮಲಗಿದರೂ ಅದಕ್ಕೆ ರಜೆ ಇಲ್ಲ.

ಅಮ್ಮ ಕುಣಿಗಲ್ ಸೀಮೆಯ ಈ ಊರಿಗೆ ಸೊಸೆಯಾಗಿ ಬಂದಾಗ ಅವಳಿಗೆ ಹದಿನೆಂಟು. ನನಗೆ ಬುದ್ಧಿ ಬಂದಾಗಿನಿಂದ ನೋಡಿದ್ದನ್ನು ಹೇಳುತ್ತೇನೆ. ಕೋಳಿ ಕೂಗುವ ಮುಂಚೆ ಎದ್ದು ಕೊಟ್ಟಿಗೆಗೆ ಹೋಗಿ ಸಗಣಿ ಬಾಚುವಳು. ಬಾಗಿಲಿಗೆ ನೀರು ಹಾಕಿ, ಸಾರಿಸಿ, ರಂಗೋಲಿ ಎಳೆಯುವಳು. ಹಾಲು ಕರೆದು ಡೈರಿಗೆ ಹಾಕಿ ಬಂದು ಒಲೆ ಹಚ್ಚುವಳು. ಹಸಿ ಸೌದೆಯಾದರೆ ಊದುಗೊಳವೆಯಲ್ಲಿ ಊದೀ ಊದೀ ಕಣ್ಣು ಕೆಂಪಗಾಗುತ್ತಿತ್ತು. ಬೆಳಗಿನ ಹಿಟ್ಟು, ಸಾರು. ಹೊಲದಲ್ಲಿ ಆಳುಗಳಿದ್ದರೆ ಅವರ ಬುತ್ತಿ. ಬುತ್ತಿ ಹೊತ್ತುಕೊಂಡು ಹೋದವಳು ಅಲ್ಲೇ ಕಳೆ ಕೀಳಲು ಕೂರುವಳು. ಬರುವಾಗ ತಲೆಯ ಮೇಲೆ ಸೌದೆ ಹೊರೆಯೋ ಹುಲ್ಲಿನ ಹೊರೆಯೋ ಇರಲೇಬೇಕು. ಬರಿಗೈಯಲ್ಲಿ ಹೊಲದಿಂದ ಬಂದ ಅಮ್ಮನನ್ನು ನಾನು ನೋಡಿಲ್ಲ. ಸಂಜೆ ಮತ್ತೆ ಹಾಲು, ಮತ್ತೆ ಒಲೆ, ಒರಳಿನಲ್ಲಿ ಖಾರ ರುಬ್ಬುವ ಸದ್ದು. ರಾತ್ರಿ ಎಲ್ಲರೂ ಉಂಡ ಮೇಲೆ ತಳದಲ್ಲಿ ಉಳಿದ ಸಾರಿಗೆ ಒಂದು ಮುದ್ದೆ. ಅದಾದ ಮೇಲೆ ಪಾತ್ರೆ. ಪಾತ್ರೆಯಾದ ಮೇಲೆ ಹೆಪ್ಪು.

ಅಜ್ಜಿಯ ಕಾಲದಲ್ಲಿ ಇದರ ಮೇಲೆ ರಾಗಿ ಬೀಸುವುದೊಂದು ಇತ್ತು. ನಸುಕಿನಲ್ಲಿ ಬೀಸುಕಲ್ಲಿನ ಮುಂದೆ ಕೂತ ಹೆಂಗಸರು ಹಾಡಿಕೊಂಡ ಹಾಡುಗಳನ್ನು ಉತ್ತರದ ಹಲಸಂಗಿಯಲ್ಲಿ ಮಧುರಚೆನ್ನರು ಮತ್ತು ಅವರ ಗೆಳೆಯರು ಕೇಳಿ ಬರೆದುಕೊಂಡು ‘ಗರತಿಯ ಹಾಡು’ ಎಂದು ಪುಸ್ತಕ ಮಾಡಿದ್ದರಿಂದ ಆ ಒಂದು ಕೆಲಸಕ್ಕಾದರೂ ಕನ್ನಡದಲ್ಲಿ ದಾಖಲೆ ಉಳಿಯಿತು. ಊರಿಗೆ ಹಿಟ್ಟಿನ ಮಿಷನ್ನು ಬಂದಾಗ ಅಜ್ಜಿಯ ಕೈಗೆ ಬಿಡುವಾಯಿತು, ಹಾಡು ನಿಂತಿತು. ಹಾಡು ಹೋಯಿತಲ್ಲ ಎಂದು ಮರುಗುವವರನ್ನು ನಾನು ಕಂಡಿದ್ದೇನೆ. ಅಜ್ಜಿ ಒಂದು ದಿನವೂ ಮರುಗಲಿಲ್ಲ. ಅವಳ ಅಂಗೈಯ ಗಂಟು ಮಾತ್ರ ಸಾಯುವವರೆಗೂ ಹಾಗೇ ಇತ್ತು.

ನಮ್ಮ ತಾಲ್ಲೂಕಿನಲ್ಲೇ ಪುರ ಎಂಬ ಊರಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ಹಳ್ಳಿಗಳಿಗೆ ವಿಜ್ಞಾನ ತಲುಪಿಸಬೇಕೆಂದು ‘ಅಸ್ತ್ರ’ ಎಂಬ ತಂಡ ಕಟ್ಟಿದರು. ಆ ತಂಡ ಪುರಕ್ಕೆ ಬಂದು ಒಂದು ಸರಳ ಪ್ರಶ್ನೆ ಹಿಡಿದು ಮನೆಮನೆ ಸುತ್ತಿತು: ಈ ಊರು ನಡೆಯಲು ಶಕ್ತಿ ಎಲ್ಲಿಂದ ಬರುತ್ತದೆ? ವಿದ್ಯುತ್ತು, ಸೀಮೆಎಣ್ಣೆಗಳ ಪಾಲು ಸಣ್ಣದು. ಊರನ್ನು ನಡೆಸುತ್ತಿದ್ದದ್ದು ಸೌದೆ, ದನ ಮತ್ತು ಮನುಷ್ಯರ ಮೈ. ಸೌದೆ ತರುವುದು, ನೀರು ಹೊರುವುದು, ಬೇಯಿಸುವುದು ಇವೆಲ್ಲ ಲೆಕ್ಕಕ್ಕೆ ಬಂದಾಗ ಆ ಮೈಗಳಲ್ಲಿ ಹೆಂಗಸರದು, ಮಕ್ಕಳದು ದೊಡ್ಡ ಪಾಲೆಂದು ಕಂಡಿತು. ಶಕ್ತಿಯ ಮೂಲ ಹುಡುಕಿಕೊಂಡು ಹೋದ ವಿಜ್ಞಾನಿಗಳಿಗೆ ಸಿಕ್ಕಿದ್ದು ನಮ್ಮಮ್ಮಂದಿರ ಸೊಂಟ, ತೋಳು, ತಲೆಯ ಮೇಲಿನ ಸಿಂಬೆ.

ಆ ತಂಡ ರೂಪಿಸಿದ್ದೇ ಅಸ್ತ್ರ ಒಲೆ. ಮೂರು ಪಾತ್ರೆ ಒಟ್ಟಿಗೆ ಇಡಬಹುದು, ಸೌದೆ ಕಡಿಮೆ ಸಾಕು, ಹೊಗೆ ಕೊಳವೆಯಲ್ಲಿ ಸೂರಿನಾಚೆ ಹೋಗುತ್ತದೆ. ಪುರದಲ್ಲಿ ಊರಿಗೆಲ್ಲ ಸೇರಿದ ಗೋಬರ್ ಗ್ಯಾಸ್ ಸ್ಥಾವರವೊಂದನ್ನೂ ಕಟ್ಟಿದರು. ಎಲ್ಲ ಮನೆಗಳ ಅಡುಗೆಗೆ ಸಾಲುವಷ್ಟು ಸಗಣಿ ಸಿಗಲಿಲ್ಲ. ಆಗ ಅದೇ ಗ್ಯಾಸಿನಿಂದ ವಿದ್ಯುತ್ ಮಾಡಿ, 1987ರಿಂದ ನೀರೆತ್ತಿ ನಲ್ಲಿಗೆ ಬಿಟ್ಟರು. ಸಗಣಿ ತಂದು ಹಾಕಿದವರಿಗೆ ತೂಕದ ಲೆಕ್ಕದಲ್ಲಿ ಕಾಸು ಕೊಡುತ್ತಿದ್ದರು. ಈ ಸಂಗತಿ ನನ್ನನ್ನು ಬಹಳ ಕಾಡಿದೆ. ಸಗಣಿ ಹೊತ್ತರೆ ಕಾಸು ಬರುತ್ತದೆ, ಬೆರಣಿ ತಟ್ಟಿ ಅದೇ ಸಗಣಿಯಲ್ಲಿ ಅನ್ನ ಬೇಯಿಸಿದರೆ ಬರುವುದಿಲ್ಲ.

ನಮ್ಮ ಮನೆಗೂ ಅಸ್ತ್ರ ಒಲೆ ಬಂತು. ಅದನ್ನು ಹಾಕಿದ ವರ್ಷ ಅಮ್ಮನ ಕೆಮ್ಮು ಕಡಿಮೆಯಾದದ್ದು ನನಗೆ ಚೆನ್ನಾಗಿ ನೆನಪಿದೆ. ಗೋಡೆ ಬೆಳ್ಳಗಾಯಿತು. ಬೆಳಿಗ್ಗೆ ಹೆಚ್ಚುಕಮ್ಮಿ ಒಂದು ಗಂಟೆ ಉಳಿಯಿತು. ಆ ಒಂದು ಗಂಟೆಯಲ್ಲಿ ಅಮ್ಮ ಏನು ಮಾಡಿದಳು ಗೊತ್ತೇ? ಇನ್ನೊಂದು ಹಸು ಕಟ್ಟಿದಳು. ನನ್ನ ಕಾಲೇಜಿನ ಫೀಸು ಆ ಹಸುವಿನ ಹಾಲಿನಿಂದ ಬಂತು. ಡೈರಿಯ ಪಾಸ್‌ಬುಕ್ ಮಾತ್ರ ಅಪ್ಪನ ಹೆಸರಿನಲ್ಲಿತ್ತು.

2001ರ ಫೆಬ್ರುವರಿಯಲ್ಲಿ ನಾನು ಚೊಚ್ಚಲು ಬಾಣಂತಿಯಾಗಿ ತವರಿನಲ್ಲಿದ್ದೆ. ಜನಗಣತಿಗೆ ಶಾಲೆಯ ಮೇಷ್ಟ್ರು ಬಂದು ಜಗಲಿಯ ಮೇಲೆ ಕೂತರು. ಅಮ್ಮ ಬಚ್ಚಲ ಹಂಡೆಗೆ ಉರಿ ಹಾಕಿ, ಮಗುವನ್ನು ಕಾಲ ಮೇಲೆ ಹಾಕಿಕೊಂಡು ಎಣ್ಣೆ ತಿಕ್ಕುತ್ತಿದ್ದಳು. ಒಲೆಯ ಮೇಲೆ ನನಗೆ ಮೆಣಸಿನ ಸಾರು, ಪಕ್ಕದಲ್ಲಿ ದನಕ್ಕೆ ಹುರುಳಿ ಬೇಯುತ್ತಿತ್ತು. ಮೇಷ್ಟ್ರು ಹೆಸರು, ವಯಸ್ಸು ಎಲ್ಲ ಬರೆದುಕೊಂಡು, ‘ಅಮ್ಮಾವ್ರು ಏನು ಕೆಲಸ?’ ಎಂದರು.

‘ಏನಿಲ್ಲ ಬರ್ಕೊಳ್ಳಿ ಮೇಷ್ಟ್ರೇ. ಮನೇಲವ್ಳೆ,’ ಅಂದರು ಅಪ್ಪ.

ಮೇಷ್ಟ್ರು ಬರೆದುಕೊಂಡರು. ಅಪ್ಪ ಕೆಟ್ಟವರಲ್ಲ. ಒಂದು ದಿನವೂ ಅಮ್ಮನ ಮೇಲೆ ಕೈ ಎತ್ತಿದವರಲ್ಲ, ಸಾರಿಗೆ ಉಪ್ಪು ಹೆಚ್ಚಾದರೂ ಮಾತಾಡದೆ ಉಣ್ಣುತ್ತಿದ್ದರು. ಆ ಮಾತು ಅವರ ಬಾಯಿಂದ ಎಷ್ಟು ಸಲೀಸಾಗಿ ಬಂತೆಂದರೆ ಅಮ್ಮನಿಗೂ ಅದರಲ್ಲಿ ತಪ್ಪು ಕಾಣಲಿಲ್ಲ. ಮಗುವನ್ನು ನನ್ನ ಮಡಿಲಿಗೆ ಹಾಕಿ, ಕೈ ಒರೆಸಿಕೊಂಡು, ಇಬ್ಬರಿಗೂ ಎರಡು ಲೋಟ ಮಜ್ಜಿಗೆ ತಂದುಕೊಟ್ಟಳು. ಹಾಲು ಮಾರುವುದು ಜನಗಣತಿಯ ಕಣ್ಣಲ್ಲೂ ಕೆಲಸವೇ. ಆದರೆ ಅದನ್ನು ಹೇಳಬೇಕಾದವರಿಗೇ ಅದು ಕೆಲಸ ಎಂದು ಹೊಳೆಯಲಿಲ್ಲ.

ಆ 2001ರ ಜನಗಣತಿಯ ಮಾತು ಒಂಬತ್ತು ವರ್ಷಗಳ ನಂತರ ಸುಪ್ರೀಂ ಕೋರ್ಟಿನಲ್ಲಿ ಬಂತು. ಅಪಘಾತದಲ್ಲಿ ಸತ್ತ ಗೃಹಿಣಿಯೊಬ್ಬರ ಪರಿಹಾರದ ಮೊಕದ್ದಮೆ. ಅಡುಗೆ ಮಾಡುವ, ಪಾತ್ರೆ ತೊಳೆಯುವ, ಮಕ್ಕಳನ್ನು ನೋಡಿಕೊಳ್ಳುವ, ನೀರು ಸೌದೆ ತರುವ ಸುಮಾರು 36 ಕೋಟಿ ಹೆಂಗಸರನ್ನು ಜನಗಣತಿ ಕೆಲಸ ಮಾಡದವರ ಪಟ್ಟಿಗೆ, ಭಿಕ್ಷುಕರು ಮತ್ತು ಕೈದಿಗಳ ಜೊತೆಗೆ ಸೇರಿಸಿದೆ ಎಂದು ನ್ಯಾಯಮೂರ್ತಿ ಎ.ಕೆ. ಗಂಗೂಲಿ 2010ರ ತೀರ್ಪಿನಲ್ಲಿ ಬೇಸರದಿಂದ ಬರೆದರು. ಅದನ್ನು ಓದಿದಾಗ ನನಗೆ ಜಗಲಿಯ ಮೇಲಿನ ಆ ಎರಡು ಲೋಟ ಮಜ್ಜಿಗೆ ನೆನಪಾಯಿತು. ಆ 36 ಕೋಟಿಯಲ್ಲಿ ನಮ್ಮಮ್ಮನೂ ಒಬ್ಬಳು.

ಮನೆಗೆಲಸಕ್ಕೆ ಬೆಲೆ ಕಟ್ಟುವ ಪ್ರಶ್ನೆ ನಮ್ಮ ದೇಶದಲ್ಲಿ ಬಹಳ ಸಲ ಎದ್ದಿರುವುದು ಹೀಗೆ ಹೆಂಗಸು ಸತ್ತ ಮೇಲೆಯೇ. ಜೆಮ್‌ಷೆಡ್‌ಪುರದಲ್ಲಿ 1989ರ ಮಾರ್ಚ್‌ನಲ್ಲಿ ಸಮಾರಂಭವೊಂದರ ಪೆಂಡಾಲಿಗೆ ಬೆಂಕಿ ಬಿದ್ದು ಸತ್ತವರಲ್ಲಿ ಹೆಚ್ಚಿನವರು ಹೆಂಗಸರು, ಮಕ್ಕಳು. ಆ ಪ್ರಕರಣದಲ್ಲಿ 2001ರಲ್ಲಿ ಸುಪ್ರೀಂ ಕೋರ್ಟು ಗೃಹಿಣಿಯ ಸೇವೆಗೆ ತಿಂಗಳಿಗೆ 3,000 ರೂಪಾಯಿ ಎಂದು ಗೊತ್ತುಮಾಡಿತು. ಮೋಟಾರು ವಾಹನ ಕಾಯ್ದೆಯ ಪಟ್ಟಿಯಲ್ಲಿ ಇನ್ನೊಂದು ಲೆಕ್ಕವಿತ್ತು: ದುಡಿಮೆಯಿಲ್ಲದ ಹೆಂಡತಿ ಸತ್ತರೆ ಅವಳ ಆದಾಯವನ್ನು ಗಂಡನ ಆದಾಯದ ಮೂರನೇ ಒಂದು ಭಾಗ ಎಂದು ಹಿಡಿಯುವುದು. ಈ ಲೆಕ್ಕ ನನಗೆ ಎಂದೂ ಒಪ್ಪಿಗೆಯಾಗಿಲ್ಲ. ಅದೇ ಮುದ್ದೆ, ಅದೇ ಸಾರು, ಅದೇ ಎದೆಹಾಲು, ಅದೇ ನಿದ್ದೆಗೆಟ್ಟ ರಾತ್ರಿ. ಗಂಡ ಇಂಜಿನಿಯರ್ ಆದರೆ ಅದಕ್ಕೊಂದು ಬೆಲೆ, ಗಾರೆ ಕೆಲಸದವನಾದರೆ ಇನ್ನೊಂದು ಬೆಲೆ ಹೇಗಾದೀತು?

2021ರ ಜನವರಿಯ ಇನ್ನೊಂದು ತೀರ್ಪಿನಲ್ಲಿ ನ್ಯಾಯಮೂರ್ತಿ ಎನ್.ವಿ. ರಮಣ ಅವರು 2011ರ ಜನಗಣತಿಯ ಅಂಕಿ ಎತ್ತಿಕೊಂಡು, ಮನೆಗೆಲಸವೇ ತಮ್ಮ ಮುಖ್ಯ ಕೆಲಸ ಎಂದ ಹೆಂಗಸರು ಸುಮಾರು 16 ಕೋಟಿ, ಗಂಡಸರು 58 ಲಕ್ಷಕ್ಕೂ ಕಡಿಮೆ ಎಂದು ತೋರಿಸಿದರು. ಬದುಕಿರುವ ಹೆಂಡತಿಯ ಪರವಾಗಿ ಬಂದ ತೀರ್ಪು ಎಂದು ನಾನು ಎತ್ತಿ ಹೇಳಬೇಕಾದದ್ದು ಮದ್ರಾಸ್ ಹೈಕೋರ್ಟಿನದು, 2023ರ ಜೂನ್ ತಿಂಗಳದ್ದು. ಗಂಡ ಸೌದಿಯಲ್ಲಿ ದುಡಿದು ಹಣ ಕಳಿಸುತ್ತಿದ್ದ, ಹೆಂಡತಿ ಊರಿನಲ್ಲಿ ಮನೆ ಮಕ್ಕಳನ್ನು ನೋಡಿಕೊಂಡಳು. ಆ ದುಡ್ಡಿನಿಂದ ಕೊಂಡ ಆಸ್ತಿಯಲ್ಲಿ ಅವಳ ದುಡಿಮೆಯೂ ಸೇರಿದೆ, ಆದ್ದರಿಂದ ಸಮಪಾಲು ಎಂದಿತು ಕೋರ್ಟು. ಅವಳು ಮನೆ ನೋಡಿಕೊಳ್ಳದೆ ಹೋಗಿದ್ದರೆ ಅವನು ಅಷ್ಟು ದೂರ ಹೋಗಿ ದುಡಿಯಲಾಗುತ್ತಿರಲಿಲ್ಲ ಎನ್ನುವುದು ಅದರ ತಿರುಳು. ಈ ಸರಳ ಮಾತು ಕೋರ್ಟಿನಲ್ಲಿ ಕೇಳಲು ಸ್ವಾತಂತ್ರ್ಯ ಬಂದು ಎಪ್ಪತ್ತೈದು ವರ್ಷ ದಾಟಬೇಕಾಯಿತು.

ಈಗ ನನ್ನ ಮನೆಗೆ ಬರುತ್ತೇನೆ. ಬೆಂಗಳೂರು, ಎರಡು ಕೋಣೆಯ ಮನೆ, ಗಂಡ ಹೆಂಡತಿ ಇಬ್ಬರೂ ಕಚೇರಿಗೆ ಹೋಗುವವರು. ಸೌದೆ ಇಲ್ಲ, ಸೇದುವ ಬಾವಿ ಇಲ್ಲ, ದನ ಇಲ್ಲ. ಗ್ಯಾಸ್, ಮಿಕ್ಸಿ, ಕುಕ್ಕರ್, ಬಟ್ಟೆ ಒಗೆಯುವ ಮಿಷನ್ ಎಲ್ಲ ಇದೆ. ‘ನಿಂಗೇನವ್ವ, ಗುಂಡಿ ಒತ್ತಿದ್ರೆ ಆಯ್ತು,’ ಎನ್ನುತ್ತಿದ್ದಳು ಅಮ್ಮ. ಒಂದು ತಿಂಗಳು ಬಂದಿದ್ದು ಹೋದ ಮೇಲೆ ಆ ಮಾತು ನಿಲ್ಲಿಸಿದಳು.

ಮಿಷನ್ ಬಟ್ಟೆ ಒಗೆಯುತ್ತದೆ, ಸುಳ್ಳಲ್ಲ. ಬಿಳಿ ಬೇರೆ, ಬಣ್ಣ ಹೋಗುವುದು ಬೇರೆ ಎಂದು ವಿಂಗಡಿಸುವುದು, ಜೇಬಿನಲ್ಲಿನ ಚೀಟಿ ತೆಗೆಯುವುದು, ಒಣಹಾಕುವುದು, ಮಳೆ ಹನಿ ಬಿದ್ದರೆ ಮಹಡಿಗೆ ಓಡುವುದು, ಮಡಚುವುದು, ಯಾರದು ಯಾರ ಬೀರುವಿಗೆ ಎಂದು ಇಡುವುದು ಮಿಷನ್ನಿನ ಕೈಲಾಗದು. ಕಲ್ಲಿನ ಮೇಲೆ ಕುಕ್ಕಿ ಒಗೆಯುವ ಕಾಲದಲ್ಲಿ ಒಂದು ಅಂಗಿ ಎರಡು ದಿನ ಹಾಕುತ್ತಿದ್ದೆವು. ಈಗ ದಿನಕ್ಕೆ ಎರಡು. ಒರಳಿನ ಕಾಲದಲ್ಲಿ ಇಡ್ಲಿ ಎಂದರೆ ಹಬ್ಬ. ಈಗ ವಾರಕ್ಕೆರಡು ಸಲ ಹಿಟ್ಟು ರುಬ್ಬದಿದ್ದರೆ ‘ಇವತ್ತೂ ಉಪ್ಪಿಟ್ಟಾ?’ ಎಂದು ಮಕ್ಕಳ ಮುಖ ಸಣ್ಣದಾಗುತ್ತದೆ. ಅಮ್ಮ ಉಳಿದ ಗಂಟೆಯಲ್ಲಿ ಹಸು ಕಟ್ಟಿದಳು, ನನ್ನ ಉಳಿದ ಗಂಟೆಯನ್ನು ಮೂರು ಬಗೆಯ ಟಿಫನ್ ಬಾಕ್ಸ್ ತಿಂದವು.

ಇಡ್ಲಿಯ ಮಾತು ಬಂತಲ್ಲ, ಅದನ್ನೇ ಹತ್ತಿರದಿಂದ ನೋಡಿ. ಬುಧವಾರ ಬೆಳಿಗ್ಗೆ ಏಳಕ್ಕೆ ತಟ್ಟೆಯಲ್ಲಿ ಇಡ್ಲಿ ಇರಬೇಕಾದರೆ ಮಂಗಳವಾರ ಸಂಜೆ ಕಚೇರಿಯಿಂದ ಬಂದ ಕೂಡಲೇ ರುಬ್ಬಬೇಕು. ಸಂಜೆ ರುಬ್ಬಬೇಕಾದರೆ ಬೆಳಿಗ್ಗೆ ಬಸ್ಸಿಗೆ ಓಡುವ ಮುಂಚೆ ಅಕ್ಕಿ, ಉದ್ದಿನಬೇಳೆ ನೆನೆಹಾಕಿರಬೇಕು. ಬೆಳಿಗ್ಗೆ ನೆನೆಹಾಕಬೇಕಾದರೆ ಸೋಮವಾರವೇ ಡಬ್ಬಿಯಲ್ಲಿ ಉದ್ದಿನಬೇಳೆ ಇದೆಯೇ ಎಂದು ನೋಡಿರಬೇಕು. ಅಂದರೆ ಬುಧವಾರದ ಇಡ್ಲಿಗೆ ಸೋಮವಾರದ ನೆನಪು ಬೇಕು. ಅದೇ ಸೋಮವಾರ ಅದೇ ತಲೆಯಲ್ಲಿ ಗ್ಯಾಸ್ ಬುಕ್ ಮಾಡುವುದು, ಅತ್ತೆಯ ಬಿಪಿ ಮಾತ್ರೆ ಇನ್ನು ನಾಲ್ಕೇ ಉಳಿದಿರುವುದು, ಮಗನ ಶಾಲೆಯ ಬಿಳಿ ಶೂ, ನಾದಿನಿಯ ಮಗುವಿನ ನಾಮಕರಣಕ್ಕೆ ಉಡುಗೊರೆ, ರಾಗಿಗೆ ಹುಳ ಬಿದ್ದಿದೆ ಬಿಸಿಲಿಗೆ ಹಾಕಬೇಕು ಎಂಬುದು, ಎಲ್ಲ ಒಟ್ಟಿಗೆ ಇರುತ್ತವೆ. ಕಚೇರಿಯಲ್ಲಿ ಫೈಲ್ ನೋಡುವಾಗಲೂ ಅವು ಎಲ್ಲಿಗೂ ಹೋಗುವುದಿಲ್ಲ. ಹಿಂದೆ ಎಲ್ಲೋ ಸಣ್ಣ ಉರಿಯಲ್ಲಿ ಬೇಯುತ್ತಿರುತ್ತವೆ.

ನನ್ನ ಗಂಡ ಒಳ್ಳೆಯ ಮನುಷ್ಯ. ತರಕಾರಿ ಹೆಚ್ಚುತ್ತಾರೆ, ಭಾನುವಾರ ದೋಸೆ ಹುಯ್ಯುತ್ತಾರೆ. ನಾನು ಸಿಡುಕಿದಾಗ, ‘ನೀನು ಹೇಳು, ನಾನು ಮಾಡ್ತೀನಿ. ಹೇಳಿದ್ರೆ ಯಾವತ್ತಾದ್ರೂ ಇಲ್ಲ ಅಂದಿದ್ದೀನಾ?’ ಎನ್ನುತ್ತಾರೆ. ಇಲ್ಲ, ಅಂದಿಲ್ಲ. ಮದುವೆಯಾಗಿ ಎಷ್ಟೋ ವರ್ಷದವರೆಗೆ ಈ ಮಾತಿಗೆ ನನ್ನಲ್ಲಿ ಉತ್ತರ ಇರಲಿಲ್ಲ. ನಾನೇ ಕೃತಘ್ನಳೇನೋ ಅನ್ನಿಸುತ್ತಿತ್ತು. ಆಸ್ಪತ್ರೆಯ ಆ ರಾತ್ರಿ ಉತ್ತರ ಸಿಕ್ಕಿತು. ಹೇಳುವುದೇ ಕೆಲಸ. ಉದ್ದಿನಬೇಳೆ ಇಲ್ಲ ಎಂದು ಕಂಡು, ಯಾವಾಗ ಬೇಕು ಎಂದು ಎಣಿಸಿ, ಮರೆಯದೆ ಇಟ್ಟುಕೊಂಡು, ಅವರ ಮೂಡ್ ನೋಡಿ ಹೇಳಿ, ತಂದರೇ ಎಂದು ಮತ್ತೆ ಕೇಳುವಷ್ಟರಲ್ಲಿ ಅಂಗಡಿಗೆ ಹೋಗಿ ಬರುವುದು ಅದರ ತೀರಾ ಹಗುರದ ತುದಿ. ‘ಸಹಾಯ ಮಾಡುತ್ತೇನೆ’ ಎಂದಾಗಲೇ ಅದು ಯಾರ ಕೆಲಸ ಎಂದು ತೀರ್ಮಾನವಾಗಿಬಿಟ್ಟಿರುತ್ತದೆ. ತನ್ನ ಮನೆಯಲ್ಲಿ ತಾನು ಉಣ್ಣುವ ಊಟಕ್ಕೆ ಯಾರಾದರೂ ಸಹಾಯ ಮಾಡುತ್ತಾರೆಯೇ?

ಕೇಂದ್ರ ಸರ್ಕಾರ 2019ರಲ್ಲಿ ದೇಶದಾದ್ಯಂತ ಸಮಯ ಬಳಕೆಯ ಸಮೀಕ್ಷೆ ಮಾಡಿಸಿತು, 2024ರಲ್ಲಿ ಮತ್ತೊಮ್ಮೆ. ಬೆಳಗಿನ ಜಾವ 4ರಿಂದ ಮರುದಿನ ಬೆಳಗಿನ ಜಾವ 4ರವರೆಗೆ ಅರ್ಧರ್ಧ ಗಂಟೆಯಂತೆ ಏನೇನು ಮಾಡಿದಿರಿ ಎಂದು ಕೇಳಿ ಬರೆದುಕೊಳ್ಳುವ ಸಮೀಕ್ಷೆ. ಯಾವ ಪುಣ್ಯಾತ್ಮರು ದಿನವನ್ನು 4 ಗಂಟೆಗೆ ಶುರುಮಾಡಿದರೋ, ಅವರಿಗೆ ನಮ್ಮಮ್ಮನಂಥವರ ಪರಿಚಯ ಇತ್ತೆಂದು ಕಾಣುತ್ತದೆ. ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಾರೆ, ಮಾಡುವ ಗಂಡಸರು 97 ನಿಮಿಷ ಎಂದು 2019ರ ಲೆಕ್ಕ ಹೇಳಿತು. ಅದರಲ್ಲೂ, ಮನೆಗೆಲಸಕ್ಕೆ ಕೈ ಹಾಕಿದ ಹೆಂಗಸರು ನೂರಕ್ಕೆ 81 ಆದರೆ ಗಂಡಸರು 26. ಐದು ವರ್ಷದ ಮೇಲೆ ಹೆಂಗಸರದು 289ಕ್ಕೆ ಇಳಿಯಿತು. ಗಂಡಸರದು ಏರಿತೇ ಎಂದು ಆಸೆಯಿಂದ ನೋಡಿದೆ. ಅದೂ ಇಳಿದು 88 ಆಗಿತ್ತು. ಮಕ್ಕಳನ್ನು, ವಯಸ್ಸಾದವರನ್ನು ನೋಡಿಕೊಳ್ಳುವ ಹೊತ್ತಿನ ಲೆಕ್ಕ ಇದರಲ್ಲಿ ಸೇರಿಲ್ಲ, ಅದು ಬೇರೆ. ಈ ಸಮೀಕ್ಷೆ ಬಹಳ ದೊಡ್ಡ ಕೆಲಸ, ಅದನ್ನು ಮಾಡಿದವರಿಗೆ ನಾನು ಋಣಿ. ಆದರೆ ಸೋಮವಾರ ಉದ್ದಿನಬೇಳೆಯನ್ನು ನೆನೆದದ್ದನ್ನು ಯಾವ ಅರ್ಧ ಗಂಟೆಯ ಮನೆಯಲ್ಲಿ ಬರೆಯುವುದು?

ನನ್ನ ಮನೆಗೆ ದಿನವೂ ಪಾತ್ರೆ ತೊಳೆಯಲು, ನೆಲ ಒರೆಸಲು ಒಬ್ಬಳು ಬರುತ್ತಾಳೆ. ರಾಯಚೂರು ಕಡೆಯವಳು. ನನ್ನನ್ನು ಅಕ್ಕಾ ಎನ್ನುತ್ತಾಳೆ. ಕರ್ನಾಟಕ ಸರ್ಕಾರ ಮನೆಗೆಲಸದವರಿಗೆ 2004ರಲ್ಲೇ ಕನಿಷ್ಠ ಕೂಲಿ ಗೊತ್ತುಪಡಿಸಿತು. ನಮ್ಮ ಮನೆಯ ಸಿಂಕಿನ ಮುಂದೆ ನಿಂತಾಗ ಅವಳು ಕೂಲಿಯವಳು, ಅವಳ ದುಡಿಮೆಗೆ ಕಾಯ್ದೆಯಿದೆ, ದರವಿದೆ. ಆರು ಮನೆ ಮುಗಿಸಿ ತನ್ನ ಶೀಟಿನ ಮನೆಗೆ ಹೋಗಿ ಅದೇ ಕೈಯಲ್ಲಿ ಗಂಡ ಮಕ್ಕಳ ತಟ್ಟೆ ತೊಳೆಯುವಾಗ ಅವಳು ‘ಮನೇಲಿದ್ದಾಳೆ’. ‘ನಿಮ್ಮನಿ ಕೆಲ್ಸ ಮುಗಿತೈತಿ ಅಕ್ಕಾ, ನನ್ನ ಮನಿದು ಮುಗ್ಯಂಗಿಲ್ಲ,’ ಎಂದು ಅವಳೇ ಒಮ್ಮೆ ಹೇಳಿದಳು. ನಾನು ಕಚೇರಿಗೆ ಹೊತ್ತಿಗೆ ಸರಿಯಾಗಿ ಹೋಗುವುದು ಅವಳು ತನ್ನ ಮನೆಯ ಒಲೆಯನ್ನು ನಾಲ್ಕೂವರೆಗೇ ಹಚ್ಚುವುದರಿಂದ. ನನ್ನ ಹೊರೆ ಇಳಿಯಿತು ಎಂದುಕೊಂಡದ್ದು ಇನ್ನೊಬ್ಬ ಹೆಂಗಸಿನ ತಲೆಗೇ ಹೋಗಿದೆ. ಮನೆಯ ಗಂಡಸಿನ ತಲೆಗೆ ಹೋಗಲಿಲ್ಲ.

2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಗೃಹಲಕ್ಷ್ಮಿ ಯೋಜನೆ ಶುರುವಾದಾಗ ಅಮ್ಮನ ಹೆಸರಿಗೆ ತಿಂಗಳಿಗೆ 2,000 ರೂಪಾಯಿ ಬರತೊಡಗಿತು. ಅದು ಮನೆಗೆಲಸದ ಸಂಬಳವಲ್ಲ, ಯಾರೂ ಹಾಗೆ ಹೇಳಿಲ್ಲ. ಆದರೆ ಅರ್ಜಿಯ ಮಾತಿನಲ್ಲಿ ಅಮ್ಮ ‘ಮನೆಯ ಯಜಮಾನಿ’. ಅಂಚೆಯವರ ಬಾಯಲ್ಲಿ, ಬ್ಯಾಂಕಿನವರ ಬಾಯಲ್ಲಿ, ನೆರೆಮನೆಯವರ ಬಾಯಲ್ಲಿ ಅಲ್ಲಿಯವರೆಗೆ ಯಜಮಾನ ಎಂದರೆ ಅಪ್ಪ. ಬ್ಯಾಂಕಿನಿಂದ ಹೊಸ ಪಾಸ್‌ಬುಕ್ ತಂದ ದಿನ ಅಮ್ಮ ಅದನ್ನು ದೇವರ ಗೂಡಿನಲ್ಲಿಟ್ಟಳು. ಎಪ್ಪತ್ತು ದಾಟಿದ ಹೆಂಗಸಿನ ಹೆಸರಿನಲ್ಲಿ ಮೊದಲ ಪಾಸ್‌ಬುಕ್. ಐದು ದಶಕ ಹಾಲು ಕರೆದವಳು. ಸಂಬಳ ಕೊಡಿಸುವುದೇ ಇದಕ್ಕೆ ಮದ್ದು ಎಂದು ನನಗೆ ಅನ್ನಿಸುವುದಿಲ್ಲ. ಕೊಡುವವನು ಯಜಮಾನನಾಗಿಯೇ ಉಳಿಯುತ್ತಾನೆ. ಡೈರಿಯ ಪುಸ್ತಕದಲ್ಲಿ, ಪಹಣಿಯಲ್ಲಿ, ಮನೆಯ ಪತ್ರದಲ್ಲಿ ಅವಳ ಹೆಸರು ಅವಳು ಬದುಕಿರುವಾಗಲೇ ಬರಬೇಕು. ಅದರ ಜೊತೆಗೆ ಆ ಚಮಚದ ನೆನಪು ಇನ್ನೊಂದು ತಲೆಗೂ ಹೋಗಬೇಕು. ಮೊದಲನೆಯದನ್ನು ಕಾಯ್ದೆ ಮಾಡೀತು. ಎರಡನೆಯದನ್ನು ಯಾರು ಮಾಡುತ್ತಾರೆ?

ಆಪರೇಷನ್ ಆದ ಮರುದಿನ ಬೆಳಿಗ್ಗೆ ಅಪ್ಪ ಫೋನ್ ಮಾಡಿದರು. ರಾತ್ರಿ ನಾನು ಯಾಕೆ ಮೊಸರಿನ ಮಾತು ಕೇಳಿದೆ ಎಂದು ಅವರಿಗೆ ಹಾಲು ಕಾಯಿಸಿ ಇಳಿಸಿದ ಮೇಲೆ ಹೊಳೆದಿತ್ತು. ಹೆಪ್ಪಿಗೆ ಏನೂ ಇಲ್ಲ. ಬೆಳಗಾಗುವುದನ್ನೇ ಕಾದಿದ್ದು, ಒಂದು ಸ್ಟೀಲ್ ಬಟ್ಟಲು ಹಿಡಿದು ಪಕ್ಕದ ಮನೆಗೆ ಹೋದರಂತೆ. ಎಪ್ಪತ್ತಾರು ವರ್ಷದ ಮನುಷ್ಯ. ‘ಅಣ್ಣಾ, ನೀವ್ಯಾಕೆ ಬರಕ್ಕೋದ್ರಿ, ಮಗೀನ ಕೈಲಿ ಕಳುಸ್ತಿದ್ದೆ,’ ಎಂದು ಆಕೆ ಗಾಬರಿಯಾದಳಂತೆ. ಆ ಬೀದಿಯಲ್ಲಿ ಹೆಪ್ಪಿಗೆ ಬಟ್ಟಲು ಹಿಡಿದು ಬಂದ ಮೊದಲ ಗಂಡಸು ಅವರೇ ಇರಬೇಕು.

ಮೊದಲ ದಿನ ಬಿಸಿ ಹಾಲಿಗೇ ಹಾಕಿದರು, ನೀರುನೀರಾಯಿತು. ಎರಡನೆಯ ದಿನ ಹಾಕುವುದನ್ನೇ ಮರೆತರು. ಮತ್ತೆ ಪಕ್ಕದ ಮನೆಗೆ ಹೋದರು. ನಾಲ್ಕನೆಯ ದಿನ ಫೋನಿನಲ್ಲಿ ಅವರ ದನಿ ಬೇರೆಯೇ ಆಗಿತ್ತು. ‘ಕೂತೈತೆ ಕಣವ್ವ. ಗಟ್ಟಿಯಾಗಿ ಕೂತೈತೆ. ಪಾತ್ರೆ ವಾಲ್ಸಿದ್ರೂ ಅಲ್ಲಾಡಲ್ಲ.’ ಅಮ್ಮನಿಗೆ ಸ್ಪೀಕರ್ ಹಾಕಿ ಕೇಳಿಸಿದೆ. ಅವಳು ನಗಲಿಲ್ಲ. ‘ನಾಳಿಕ್ಕೆ ಎತ್ತಿಟ್ಟವ್ರಾ ಕೇಳು,’ ಅಂದಳು.

ಹನ್ನೆರಡನೆಯ ದಿನ ಅಮ್ಮ ಊರಿಗೆ ಬಂದಳು. ವಾಕರ್ ಹಿಡಿದು ನಾಲ್ಕು ಹೆಜ್ಜೆ ಇಡುತ್ತಾಳೆ, ಅಷ್ಟೇ. ನಡುಮನೆಯಲ್ಲಿ ಮಂಚ ಹಾಕಿದ್ದೇವೆ. ಅಲ್ಲಿಂದ ಅಡುಗೆಮನೆಯ ಬಾಗಿಲು ಕಾಣುತ್ತದೆ. ಅವಳಿಗೆ ಅದೇ ಬೇಕಿತ್ತು. ಮೊದಮೊದಲು ದಿನವಿಡೀ ಮಂಚದಿಂದಲೇ ಕೂಗುತ್ತಿದ್ದಳು: ಹಾಲು ಉಕ್ಕುತ್ತೆ, ಬೇಳೆಗೆ ಅರಿಶಿನ ಹಾಕಿ, ಕರೀ ಡಬ್ಬಿಯಲ್ಲ, ಅದರ ಪಕ್ಕದ್ದು. ಮೈ ಮಲಗಿತ್ತು, ತಲೆ ದುಡಿಯುತ್ತಿತ್ತು.

ಎರಡು ತಿಂಗಳ ಮೇಲೆ ಮಗನನ್ನು ಕರೆದುಕೊಂಡು ಹೋದೆ. ಊಟಕ್ಕೆ ಕೂತಾಗ ಅವನು, ‘ತಾತ, ಇನ್ನೊಂಚೂರು ಮೊಸರು,’ ಎಂದು ತಟ್ಟೆ ಒಡ್ಡಿದ. ಅಪ್ಪ ಸೌಟು ಎತ್ತಿದವರು ತಡೆದರು. ‘ಇರು ಮಗ,’ ಎಂದು ಗೂಡಿನಿಂದ ಸ್ಟೀಲ್ ಬಟ್ಟಲು ತೆಗೆದು, ಒಂದು ಚಮಚ ಅದಕ್ಕೆ ಹಾಕಿ ಮುಚ್ಚಿಟ್ಟು, ಆಮೇಲೆ ಬಡಿಸಿದರು. ಯಾರೂ ಹೇಳಿರಲಿಲ್ಲ. ನಾನು ಅಮ್ಮನ ಮುಖ ನೋಡಿದೆ. ಅವಳು ಆ ಬಟ್ಟಲನ್ನೇ ನೋಡುತ್ತಿದ್ದಳು.

ಆದರೂ ರಾತ್ರಿ ಒಂಬತ್ತಕ್ಕೆ ನಡುಮನೆಯಿಂದ ದನಿ ಬಂತು.

‘ಎತ್ತಿಟ್ರಾ?’

‘ಎತ್ತಿಟ್ಟಿವ್ನಿ.’

‘ಹಾಲು ಆರೈತಾ?’

‘ಆರೈತೆ.’

ದಿನವೂ ಹೀಗೇ ಅಂತೆ. ಒಂದು ದಿನವೂ ತಪ್ಪಿಲ್ಲವಂತೆ. ‘ಮರ್ತೋದ್ರೆ ಅಂತ ಅವ್ಳಿಗೆ,’ ಎಂದರು ಅಪ್ಪ. ಬೇಸರವಿರಲಿಲ್ಲ ಆ ಮಾತಿನಲ್ಲಿ.

ಹೋದ ಶನಿವಾರ ಮತ್ತೆ ಊರಿಗೆ ಹೋಗಿದ್ದೆ. ರಾತ್ರಿ ಅಪ್ಪ ಹಾಲಿಗೆ ಬೆರಳು ಅದ್ದಿ ನೋಡಿ, ಹೆಪ್ಪು ಕದಡಿ, ತಟ್ಟೆ ಮುಚ್ಚಿದರು. ಬಟ್ಟಲು ತೊಳೆದು ಬೋರಲು ಹಾಕಿದರು. ಆಮೇಲೆ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು, ಏನನ್ನೋ ಕಾಯುವವರಂತೆ. ಒಂಬತ್ತು ಹೊಡೆದು ಹತ್ತು ನಿಮಿಷವಾಗಿತ್ತು. ನಡುಮನೆಯಿಂದ ಸದ್ದಿಲ್ಲ. ಅಪ್ಪ ಮೆಲ್ಲಗೆ ಹೋಗಿ ಇಣುಕಿ ನೋಡಿ, ನನ್ನ ಕಡೆ ತಿರುಗಿ, ಸುಮ್ಮನಿರು ಎಂದು ಕೈಸನ್ನೆ ಮಾಡಿ ದೀಪ ಆರಿಸಿದರು.

ಅಮ್ಮ ನಿದ್ದೆ ಹೋಗಿದ್ದಳು.